ಖಾಸಗಿಯಲ್ಲ, ಬರೀ ಹೊರಗುತ್ತಿಗೆ!

(ಹುಬ್ಬಳ್ಳಿಯ ಒಂದು ಓಣಿ. ಇಬ್ಬರು ಅಭ್ಯರ್ಥಿಗಳು ಒಂದೇ ಕಟ್ಟೆಗೆ ಬಂದಿದ್ದಾರೆ. ಕಟ್ಟೆಯ ಮೇಲೆ ಅಜ್ಜ.)

ಮೊದಲನೆಯವರು: ಸರ್ಕಾರದ ಕೆಲಸ ಆಳುವುದು. ನೀರು, ಕಸ, ಕರೆಂಟು ಎಲ್ಲ ಖಾಸಗಿಗೆ!

ಅಜ್ಜ: ಮಂಗಳೂರು ವಿಮಾನ ನಿಲ್ದಾಣ 2020ರಾಗ 50 ವರ್ಷಕ್ಕ ಅದಾನಿಗೆ ಹೋತು. ನಮ್ಮ ನಳಾ ಎಷ್ಟ್ ವರ್ಷಕ್ಕ?

ಮೊದಲನೆಯವರು: ಟೆಂಡರ್ ನೋಡಿ ಹೇಳ್ತೀನಿ.

ಎರಡನೆಯವರು: ನಾನು ಖಾಸಗೀಕರಣದ ಕಡುವೈರಿ! ನಮ್ಮದು ಬರೀ ಹೊರಗುತ್ತಿಗೆ.

ಅಜ್ಜ: ಫರಕ ಏನ್ರೀ?

ಎರಡನೆಯವರು: ಖಾಸಗಿಯಾದರೆ ಬೋರ್ಡು ಬದಲಾಗುತ್ತದೆ. ಹೊರಗುತ್ತಿಗೆಯಲ್ಲಿ ಬೋರ್ಡು ಹಾಗೇ ಇರುತ್ತದೆ, ಪಗಾರ ಮಾತ್ರ ಇಳಿಯುತ್ತದೆ.

(ಸತ್ಯ ಬಾಯಿತಪ್ಪಿ ಬಂತು, ಪಕ್ಕದ ಏಜೆಂಟ್ ಕೆಮ್ಮಿದ.)

ಅಜ್ಜ: ಕಸ ದಿನಾ ಬೀಳ್ತೈತಿ. ಅಂಥ ನಿರಂತರ ಕೆಲಸಕ್ಕ ಗುತ್ತಿಗೆ ನಿಷೇಧ ಮಾಡೋ ಅಧಿಕಾರ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಸರ್ಕಾರಕ್ಕ ಕೊಟ್ಟಿತ್ತು. ಓದೀರೇನು?

ಎರಡನೆಯವರು: ಓದುವ ಕೆಲಸವನ್ನೂ ಏಜೆನ್ಸಿಗೆ ಕೊಟ್ಟಿದ್ದೇವೆ.

ಅಜ್ಜ: ಈ ಜೈಕಾರದ ಹುಡುಗರು?

ಮೊದಲನೆಯವರು: ದಿನಗೂಲಿ. ಇಬ್ಬರಿಗೂ ಒಬ್ಬನೇ ಗುತ್ತಿಗೆದಾರ.

ಅಜ್ಜ: ಹಂಗಾರ ಶಾಸಕರ ಕುರ್ಚಿಗೂ ಟೆಂಡರ್ ಕರೀರಿ. ಕಡಿಮಿ ರೇಟ್ ಹಾಕ್ದವ್ರಿಗೆ ಕುರ್ಚಿ, ಪಿಂಚಣಿ ಇಲ್ಲ.

ಇಬ್ಬರೂ (ಒಕ್ಕೊರಲಿನಿಂದ): ಅದು ಜನಸೇವೆ ಅಜ್ಜಾರ!

ಮತದಾರರೇ, ಕರ್ನಾಟಕದಲ್ಲಿ ಒಂದೇ ಅವಧಿ ಶಾಸಕರಾಗಿದ್ದವರಿಗೂ ಆಜೀವ ಪಿಂಚಣಿ ಉಂಟು.