ಬಾಡಿಗೆದಾರ ಪರೀಕ್ಷಾ ಮೀಮಾಂಸೆ (ಮಾರ್ಕೆಟ್ ಯಾರ್ಡ್ ಶಾಖೆ)

ಮನೆ ಬಾಡಿಗೆಗೆ ಕೊಡುವವನು ಬಾಡಿಗೆಗೆ ಬರುವವನನ್ನು ಅರಿಯುವುದು ಹೇಗೆ? ಇದು ಜ್ಞಾನಮೀಮಾಂಸೆಯ ಪ್ರಶ್ನೆ. ವ್ಯವಹಾರದ ಪ್ರಶ್ನೆ ಎಂದು ಭ್ರಮಿಸಿದ ಕೆಲವು ಅರ್ವಾಚೀನರು ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆಧಾರ್ ಎಂದು ಗೊಣಗುತ್ತಾರೆ. ಪುಣೆಯ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡ್ ಆಸುಪಾಸಿನಲ್ಲಿ ಏಜೆಂಟರ ಬೆನ್ನಹಿಂದೆ ಮೆಟ್ಟಿಲು ಹತ್ತಿ ಇಳಿದವರು ಹಾಗೆ ಗೊಣಗುವುದಿಲ್ಲ. ಈ ವಿದ್ಯೆ ಇದುವರೆಗೆ ಬಾಯಿಂದ ಬಾಯಿಗೆ ಹರಿದುಬಂದಿದೆ. ಅದನ್ನು ಕನ್ನಡದಲ್ಲಿ ಶಾಸ್ತ್ರಬದ್ಧಗೊಳಿಸಲು ನಾವು ಹೊರಟಿದ್ದೇವೆ. ದೋಷಗಳಿದ್ದರೆ ಡೆಪಾಸಿಟ್ಟಿನಲ್ಲಿ ಮುರಿದುಕೊಳ್ಳತಕ್ಕದ್ದು.

ಮೊದಲು ಶಾಸ್ತ್ರದ ಪ್ರಾಚೀನತೆ. ಅದರ ಮೂಲ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ. ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿ ಕಟ್ಟನ್ನು ಆರ್. ಶಾಮಶಾಸ್ತ್ರಿಗಳು ಓದಿ, 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ನಗರಾಡಳಿತದ ಅಧ್ಯಾಯವೊಂದಿದೆ. ಮನೆಗೆ ಬಂದವರ, ಮನೆಯಿಂದ ಹೋದವರ ಸುದ್ದಿಯನ್ನು ಯಜಮಾನ ಅಧಿಕಾರಿಗೆ ಮುಟ್ಟಿಸಬೇಕು. ಮುಟ್ಟಿಸದಿದ್ದರೆ ಆ ರಾತ್ರಿ ನಡೆದ ಅಪರಾಧ ಅವನ ತಲೆಗೆ. ಏನೂ ನಡೆಯದಿದ್ದರೂ ಮೂರು ಪಣ ದಂಡ. ಇಂದು ಬಾಡಿಗೆದಾರನ ವಿವರವನ್ನು ಪುಣೆ ಪೊಲೀಸರಿಗೆ ಆನ್‌ಲೈನಿನಲ್ಲಿ ತುಂಬುವ ಮನೆಯೊಡೆಯ ಚಾಣಕ್ಯನ ನೇರ ಶಿಷ್ಯ, ಓಟಿಪಿ ಬರುವುದೊಂದೇ ವ್ಯತ್ಯಾಸ. ಇದರ ಜೊತೆಗೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೇ ಕಲಮು. ಒಪ್ಪಂದ ಬರಹದಲ್ಲಿರಬೇಕು, ನೋಂದಣಿಯಾಗಬೇಕು, ಮಾಡಿಸುವ ಹೊಣೆ ಮಾಲೀಕನದು, ತಪ್ಪಿದರೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೂರು ಪಣ ಐದು ಸಾವಿರ ರೂಪಾಯಿಯಾಗಲು ಸುಮಾರು ಎರಡು ಸಾವಿರ ವರ್ಷ ಹಿಡಿಯಿತು. ಯಾರ್ಡಿನಲ್ಲಿ ಬೆಳ್ಳುಳ್ಳಿಯ ದರ ಇಷ್ಟು ತಾಳ್ಮೆಯಿಂದ ಏರಿದ್ದನ್ನು ಯಾರೂ ಕಂಡಿಲ್ಲ.

ಇಲ್ಲೊಂದು ಪೂರ್ವಪಕ್ಷ: ಕಾನೂನು ಹೊಣೆ ಹೊರಿಸಿರುವುದು ಮಾಲೀಕನ ಮೇಲಾದರೆ, ಪರೀಕ್ಷೆಗೆ ಕೂರಬೇಕಾದವನೂ ಅವನೇ ಅಲ್ಲವೆ? ಈ ಆಕ್ಷೇಪಕ್ಕೆ ಉತ್ತರ ಸಿಕ್ಕಿಲ್ಲವಾದ್ದರಿಂದ ಮುಂದಕ್ಕೆ ಹೋಗೋಣ.

ಪ್ರಮಾಣಗಳು ನಾಲ್ಕು. ಪ್ರತ್ಯಕ್ಷದಲ್ಲಿ ಹೆಚ್ಚೇನಿಲ್ಲ. ಚಪ್ಪಲಿ ಎಲ್ಲಿ ಬಿಟ್ಟ, ಕೊರಳಲ್ಲಿ ತಾಳಿ ಇದೆಯೇ, ಗಿಟಾರ್ ತಂದಿದ್ದಾನೆಯೇ ಎಂದು ನೋಡಿದರೆ ಮುಗಿಯಿತು. ಶಾಸ್ತ್ರದ ಸೊಬಗಿರುವುದು ಅನುಮಾನದಲ್ಲಿ. ಹೊಗೆ ಕಂಡರೆ ಬೆಟ್ಟದಲ್ಲಿ ಬೆಂಕಿ ಇದೆ ಎಂದು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಬೆಟ್ಟ ಬೇಕೆಂದರೆ ಪಾರ್ವತಿ ಟೇಕಡಿ ಇಲ್ಲಿಂದ ದೂರವೇನಿಲ್ಲ. ಮಾಲೀಕನ ತರ್ಕ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಹೊಗೆ ಏಳುವ ಮೊದಲೇ ಅವನಿಗೆ ಮೀನಿನ ವಾಸನೆ ಬಂದಿರುತ್ತದೆ. “ಊರು?” ಎಂದು ಕೇಳಿದಾಗ “ಮಂಗಳೂರು” ಎಂದರೆ ಸಾಕು, ಹೇತು, ಸಾಧ್ಯ, ದೃಷ್ಟಾಂತ ಎಲ್ಲವೂ ಅವನ ಮೂಗಿನಲ್ಲೇ ನಡೆದುಹೋಗುತ್ತವೆ.

ಅನುಮಾನದ ಮುಖ್ಯ ಆಯುಧ “ಆಡನಾವ್ ಕಾಯ್?” ಎಂಬ ಪ್ರಶ್ನೆ. ಅಡ್ಡಹೆಸರು ಕೇಳಿ ಜಾತಿ, ಜಾತಿಯಿಂದ ಅಡುಗೆ, ಅಡುಗೆಯಿಂದ ಚಾರಿತ್ರ್ಯ, ಚಾರಿತ್ರ್ಯದಿಂದ ಐದನೇ ತಾರೀಖಿನೊಳಗೆ ಬಾಡಿಗೆ ಬರುವುದೋ ಇಲ್ಲವೋ ಎಂಬುದನ್ನು ಕ್ರಮವಾಗಿ ಇಳಿಸಿಕೊಳ್ಳುವ ವಿಧಾನವಿದು. ಹಳೇ ಮೈಸೂರು ಕಡೆಯವರು ಇದನ್ನು ಬುಡಮೇಲು ಮಾಡಿಬಿಟ್ಟರು. “ಎಚ್. ಎಸ್. ಮಂಜುನಾಥ” ಎಂದು ಬಂದು ನಿಂತವನಲ್ಲಿ ಅಡ್ಡಹೆಸರು ಯಾವುದು? ಎಚ್ಚೋ, ಎಸ್ಸೋ? ಒಂದು ಊರು, ಇನ್ನೊಂದು ಅಪ್ಪ ಎಂದು ಅವನು ವಿವರಿಸುವಷ್ಟರಲ್ಲಿ ಏಜೆಂಟ ಗಡಿಯಾರ ನೋಡುತ್ತಿರುತ್ತಾನೆ. ಉತ್ತರ ಕರ್ನಾಟಕದವರದು ಬೇರೆ ತಾಪತ್ರಯ. ಅವರಿಗೆ ಅಡ್ಡಹೆಸರು ಧಾರಾಳವಾಗಿದೆ, ಆದರೆ ಅದು ಉಳ್ಳಾಗಡ್ಡಿ, ಮೆಣಸಿನಕಾಯಿ, ಅಕ್ಕಿ. ಈರುಳ್ಳಿ ಬೆಳ್ಳುಳ್ಳಿ ಮನೆಯೊಳಗೆ ಬಿಡದ ಮಾಲೀಕನ ಮುಂದೆ ಶುದ್ಧ ಶಾಕಾಹಾರಿ ಉಳ್ಳಾಗಡ್ಡಿಯವರು ಹಲ್ಲು ಕಿರಿದು ನಿಂತ ಸಂದರ್ಭಕ್ಕೆ ನ್ಯಾಯಶಾಸ್ತ್ರದಲ್ಲಿ ಪರಿಹಾರವಿಲ್ಲ.

ಮೂರನೆಯದು ಉಪಮಾನ. ಇದಕ್ಕೆ ಯಾರ್ಡಿನ ಹಣ್ಣಿನ ವಿಭಾಗಕ್ಕೇ ಹೋಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕೊಂಕಣದ ಹಾಪುಸ್ ಮಾವಿನ ಪೇಟಿಗಳ ಪಕ್ಕದಲ್ಲೇ ಕರ್ನಾಟಕದ ಹಾಪುಸ್ ಬಂದಿಳಿಯುತ್ತದೆ. ರೂಪ ಅದೇ, ಬಣ್ಣ ಅದೇ, ದರ ಮಾತ್ರ ಕಡಿಮೆ. ನಮ್ಮದನ್ನು ರತ್ನಾಗಿರಿ, ದೇವಗಡದ ಹೆಸರಿನಲ್ಲಿ ಮಾರುತ್ತಾರೆಂಬ ದೂರು ಋತು ತಪ್ಪದೆ ಏಳುತ್ತದೆ. 2018ರಲ್ಲಿ ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಠಾಣೆ, ಪಾಲಘರ್ ಜಿಲ್ಲೆಗಳ ಹಾಪುಸ್‌ಗೆ ಭೌಗೋಳಿಕ ಗುರುತು ಸಿಕ್ಕಿದ ಮೇಲಂತೂ ನಮ್ಮ ಕಡೆಯ ಹಣ್ಣು ಕಾನೂನು ಪ್ರಕಾರವೂ ಪರಸ್ಥಳದ್ದು. ಮನೆಯೊಡೆಯ ನಮ್ಮನ್ನು ನೋಡುವುದು ಇದೇ ಕಣ್ಣಿನಿಂದ: ನೋಡಲು ಹಾಪುಸ್ ಹಾಗೇ ಇದೆ, ಆದರೆ ಪೇಟಿಯ ತಳದಲ್ಲಿ ಏನಿದೆಯೋ. ಒಂದು ನ್ಯಾಯ ಒಪ್ಪಬೇಕು. ಕರ್ನಾಟಕದ ಮಾವನ್ನು ಮೂಸಿದವರು ಕಡೆಗೆ ಕೊಂಡೇ ಒಯ್ಯುತ್ತಾರೆ.

ಇಲ್ಲಿ ಶಾಸ್ತ್ರಕಾರನನ್ನು ಕಂಗೆಡಿಸುವ ಸಂಗತಿಯೊಂದಿದೆ. ರೈತ ನೂರಾರು ಕಿಲೋಮೀಟರ್ ಆಚೆಯಿಂದ ಲಾರಿಗೆ ಮಾಲು ಹೇರಿ ಅಡತ್ ಅಂಗಡಿಗೆ ಕಳಿಸುತ್ತಾನೆ. ಎಷ್ಟಕ್ಕೆ ಹೋಯಿತು, ತೂಕ, ಹಮಾಲಿ ಎಷ್ಟು ಮುರಿದರು ಎಂಬ ಪಟ್ಟಿ ಆಮೇಲೆ ಬರುತ್ತದೆ. ಅಡತಿಯವನೂ ಚಿಲ್ಲರೆ ವ್ಯಾಪಾರಿಗೆ ಉದ್ರಿ ಕೊಡುತ್ತಾನೆ, ವಸೂಲಿಗೆ ವಾರಗಟ್ಟಲೆ ಕಾಯುತ್ತಾನೆ. ಅಲ್ಲಿ ಯಾರೂ ಯಾರ ಒಲೆಯ ಮೇಲೆ ಏನಿದೆ ಎಂದು ಕೇಳುವುದಿಲ್ಲ. ಆ ಮನುಷ್ಯನೇ ಅಂಗಡಿ ಮುಚ್ಚಿ, ಸಂಜೆ ತನ್ನ ಎರಡನೇ ಫ್ಲ್ಯಾಟು ತೋರಿಸಲು ಬಂದಾಗ, ಮುಂಗಡ ಕೈಯಲ್ಲಿ ಹಿಡಿದು ನಿಂತವನನ್ನು ಗುಮಾನಿಯಿಂದ ನೋಡುತ್ತಾನೆ. ಲಾರಿಗಟ್ಟಲೆ ಮಾಲಿಗೆ ಸಾಕಾದ ನಂಬಿಕೆ ಒಂದು ಒನ್ ಬಿಎಚ್‌ಕೆಗೆ ಸಾಲದು.

ನಾಲ್ಕನೆಯದಾದ ಶಬ್ದಪ್ರಮಾಣದಲ್ಲಿ ಹಳೇ ಮಾಲೀಕನ ಮಾತಿಗೆ ಅಗ್ರಸ್ಥಾನ. ಆದರೆ ಎಚ್ಚರ. ಈಗಿನ ಮಾಲೀಕ ಕೆಟ್ಟ ಬಾಡಿಗೆದಾರನನ್ನು ಸಾಗಹಾಕಲು ಬಾಯ್ತುಂಬ ಹೊಗಳುತ್ತಾನೆ, ಒಳ್ಳೆಯವನನ್ನು ಉಳಿಸಿಕೊಳ್ಳಲು ಮುಖ ಸಿಂಡರಿಸುತ್ತಾನೆ. ಆದ್ದರಿಂದ ಕೇಳಬೇಕಾದ್ದು ಅವನಿಗಿಂತ ಹಿಂದಿನವನನ್ನು. ಅವನಿಗೆ ಯಾವ ಲಾಭವೂ ಇಲ್ಲ. ಈ ಇಡೀ ಗ್ರಂಥದಲ್ಲಿ ಉಪಯೋಗಕ್ಕೆ ಬರುವ ವಾಕ್ಯ ಇದೊಂದೇ ಇರಬಹುದು.

ಶಬ್ದಪ್ರಮಾಣದ ಇನ್ನೊಂದು ಪ್ರಭೇದ ಫೋನಿನಲ್ಲಿ ಹೇಳುವ ಹೆಸರು. ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಿನ ನಗರಗಳಲ್ಲಿ ಇದನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಮೇಲ್ಜಾತಿಯ ಹೆಸರಿಗೆ ಖಾಲಿ ಇದ್ದ ಮನೆ ದಲಿತ ಹೆಸರಿಗೆ ಎಷ್ಟೋ ಸಲ ಖಾಲಿ ಇರಲಿಲ್ಲ, ಮುಸ್ಲಿಂ ಹೆಸರಿಗೆ ಇನ್ನೂ ಹೆಚ್ಚು ಸಲ ಇರಲಿಲ್ಲ. ಶಾಸ್ತ್ರ ಇದಕ್ಕಿಂತ ಹಳೆಯದು. ಕೊಲಂಬಿಯಾದಲ್ಲಿ ಓದಿ, ಬರೋಡಾ ಸಂಸ್ಥಾನದ ನೌಕರಿಗೆ ಬಂದಿಳಿದ ಅಂಬೇಡ್ಕರರಿಗೆ ಆ ಊರಲ್ಲಿ ಉಳಿಯಲು ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ತಂಗಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಾಗಿಲಿಗೆ ಬಂತು. ಸಂಬಳದ ಚೀಟಿ, ಪದವಿ ಪತ್ರ, ಮಹಾರಾಜರ ಶಿಫಾರಸು ಎಲ್ಲವೂ ಸರಿಯಾಗಿದ್ದ ಅಭ್ಯರ್ಥಿ ಅನುತ್ತೀರ್ಣ. ಈ ಪ್ರಕರಣಕ್ಕೆ ಅಣಕದ ಟೀಕೆ ಬರೆಯಲು ನಮಗೆ ಬರುವುದಿಲ್ಲ.

ಡೆಪಾಸಿಟ್ ವಿಷಯದಲ್ಲಿ ಪುಣೆಯವರು ಇನ್ನೂ ಬಾಲ್ಯಾವಸ್ಥೆಯಲ್ಲಿದ್ದಾರೆ. ಬೆಂಗಳೂರಿನ ಆಚಾರ್ಯರು ಹತ್ತು ತಿಂಗಳ ಅಡ್ವಾನ್ಸಿನ ಮೂಲಕ ಪರೀಕ್ಷೆಯನ್ನೇ ಅನಗತ್ಯಗೊಳಿಸಿದವರು. ಅಷ್ಟು ದುಡ್ಡು ಕೊಡಬಲ್ಲವನು ಸಜ್ಜನನೇ ಇರಬೇಕು, ಇಲ್ಲದಿದ್ದರೂ ದುಡ್ಡು ನಮ್ಮ ಬಳಿ ಇರುತ್ತದೆ. 2021ರ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡೇ ತಿಂಗಳ ಮಿತಿ ಸೂಚಿಸಿದ್ದನ್ನು ಅವರು ಕೇಳಿದ್ದಾರೆ, ನಕ್ಕಿದ್ದಾರೆ. ಮಹಾರಾಷ್ಟ್ರದ ಮಾಲೀಕನಿಗಾದರೋ ಆ 1999ರ ಕಾಯಿದೆಯ 24ನೇ ಕಲಮೇ ರಕ್ಷಾಕವಚ: ಲೀವ್ ಅಂಡ್ ಲೈಸೆನ್ಸ್ ಅವಧಿ ಮುಗಿದರೂ ಜಾಗ ಬಿಡದವನು ದುಪ್ಪಟ್ಟು ತೆರಬೇಕು. ಇಷ್ಟಿದ್ದೂ ಅಡುಗೆಮನೆಯ ಭಯ ಹೋಗುವುದಿಲ್ಲ.

ಕೊನೆಗೆ ನಮ್ಮ ಸ್ವಂತ ಕೊಡುಗೆಯಾದ ‘ಖಾಲಿ ಸಿದ್ಧಾಂತ’. ಪರೀಕ್ಷೆಯ ಕಾಠಿಣ್ಯವು ಮನೆ ಖಾಲಿ ಬಿದ್ದ ತಿಂಗಳುಗಳಿಗೆ ವಿಲೋಮವಾಗಿರುತ್ತದೆ. ಮೊದಲ ತಿಂಗಳು ಸಸ್ಯಾಹಾರಿ ಕುಟುಂಬ, ಸರ್ಕಾರಿ ನೌಕರಿ, ಸದ್ದು ಮಾಡದ ಮಗು ಒಂದು. ಎರಡನೇ ತಿಂಗಳು ಮೊಟ್ಟೆ ಮಾಂಸವಲ್ಲ ಎಂಬ ವಿಜ್ಞಾನಿಗಳ ಅಭಿಪ್ರಾಯ ಮಾಲೀಕನ ಗಮನಕ್ಕೆ ಬರುತ್ತದೆ. ಮೂರನೇ ತಿಂಗಳು ಸೊಸಾಯಿಟಿ ಮೇಂಟೆನೆನ್ಸನ್ನು ಕೈಯಿಂದ ಕಟ್ಟಿದ ದಿನ ಬ್ಯಾಚಲರುಗಳೂ ತಾಯಿ ಹೆತ್ತ ಮಕ್ಕಳೇ ಎಂಬ ಅರಿವು ಮೂಡುತ್ತದೆ. ನಾಲ್ಕನೇ ತಿಂಗಳಲ್ಲಿ ನಡೆಯುವ ಸಂಭಾಷಣೆಯ ಮಾದರಿಯನ್ನು ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಕೊಟ್ಟಿದೆ. ಫೋನು ಬರುವುದು ಮಾಲೀಕನ ಕಡೆಯಿಂದ.

“ಅಣ್ಣಾ, ಮನೆ ನೋಡಿ ಹೋದೋರು ತಿರುಗಿ ಬರಲೇ ಇಲ್ಲ?”

“ಕಾಕಾ, ನಾವು ಮಂಗಳೂರಿನವರು, ಮೀನು ಮಾಡ್ತೀವಿ ಅಂತ ಅವತ್ತೇ ಹೇಳಿದ್ದೆನಲ್ಲ.”

“ಹೇಳಿದ್ರಿ, ಹೇಳಿದ್ರಿ. ಬಾಂಗಡೆಯೋ ಸುರಮಯಿಯೋ ಅಂತ ಹೇಳಿರಲಿಲ್ಲ.”