ಎರಡನೇ ಮಹಡಿಯ ದೋಣಿ

ರಾಯರ ಅರವತ್ತನೇ ಹುಟ್ಟುಹಬ್ಬಕ್ಕೆ ಅಮೆರಿಕದಲ್ಲಿರುವ ಮಗ ಹುಟ್ಟನ್ನೇ ಕಳಿಸಿಬಿಟ್ಟ. ಹುಟ್ಟು ಎಂದರೆ ದೋಣಿಯದ್ದು. ಆದರೆ ದೋಣಿ ಇಲ್ಲ, ನೀರಿಲ್ಲ, ನಿಜ ಹೇಳಬೇಕೆಂದರೆ ಹುಟ್ಟೂ ಇಲ್ಲ. ಎಂಟಡಿ ಉದ್ದದ ಒಂದು ಹಳಿ, ಅದರ ಮೇಲೆ ಹಿಂದೆ ಮುಂದೆ ಜಾರುವ ಮಣೆ, ಪಾದ ಬಿಗಿಯಲು ಪಟ್ಟಿ, ಸರಪಳಿಯ ತುದಿಗೊಂದು ಹಿಡಿ, ಎದುರಿಗೆ ಪಂಜರದೊಳಗೊಂದು ಫ್ಯಾನು. ಹಿಡಿ ಎಳೆದರೆ ಫ್ಯಾನು ಬುಸ್ಸೆನ್ನುತ್ತದೆ. ಈ ರೋಯಿಂಗ್ ಮಷೀನು ಬಂದ ದಿನ ಹಾಲಿನಲ್ಲಿದ್ದ ದಿವಾನ ಬಾಲ್ಕನಿಗೆ ಹೋಯಿತು, ಬಾಲ್ಕನಿಯ ತುಳಸಿ ಟೆರೇಸಿಗೆ ಹೋಯಿತು, ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರ್ ಸಾಹೇಬರು ನಮ್ಮ ಅಪಾರ್ಟ್‌ಮೆಂಟಿಗೆಲ್ಲ ದೋಣಿ ರಾಯರಾದರು.

ಇಂಥವರು ನಿಮ್ಮ ಬೀದಿಯಲ್ಲೂ ಇರುತ್ತಾರೆ. ಬೆವರಿಗಿಂತ ಮೊದಲು ಇತಿಹಾಸ ಬರುತ್ತದೆ ಇವರಿಗೆ. ಹಿಂದೆ ವಾಕಿಂಗ್ ಬೂಟು ಕೊಂಡಾಗ ಆರು ತಿಂಗಳು ಪಾದದ ಮೂಳೆಗಳ ಹೆಸರು ಹೇಳಿದರು. ನಡೆದದ್ದು ಹಾಲಿನ ಬೂತಿನವರೆಗೆ. ಈಗ ನನ್ನನ್ನು ಕಾಫಿಗೆ ಕರೆದು, ಲೋಟ ಕೈಗೆ ಬರುವಷ್ಟರಲ್ಲಿ ಅಮೆರಿಕದ ವರ್ಮಾಂಟ್ ತಲುಪಿಸಿದ್ದರು. "ಡ್ರೈಸಿಗಾಕರ್ ಅಂತ ಅಣ್ಣತಮ್ಮಂದಿರು ಇವರೇ. ಮೊದಲು ದೋಣಿಗೆ ಹುಟ್ಟು ಮಾಡ್ತಿದ್ರು. 1981ರಲ್ಲಿ ಒಂದು ಸೈಕಲ್ ಚಕ್ರ ಇಟ್ಕೊಂಡು ಈ ಥರದ ಮಷೀನು ಮಾಡಿ ಮಾರೋಕೆ ಶುರು ಮಾಡಿದ್ರು. ಬರೀ ಸೈಕಲ್ ಚಕ್ರ!" ನಮ್ಮ ಮನೆಯ ಹಳೇ ಸೈಕಲ್ಲನ್ನು ಗುಜರಿಗೆ ಹಾಕಿದ್ದಕ್ಕೆ ಅಂದು ನನಗೆ ನಿಜವಾಗಿ ಪಶ್ಚಾತ್ತಾಪವಾಯಿತು.

ಫ್ಯಾನಿನ ಪಕ್ಕ ಒಂದರಿಂದ ಹತ್ತರವರೆಗೆ ಗುರುತಿರುವ ಸನ್ನೆಯಿದೆ. ರಾಯರು ಮೊದಲ ದಿನವೇ ಅದನ್ನು ಹತ್ತಕ್ಕೆ ನೂಕಿದರು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನೂರಕ್ಕೆ ನೂರು ತೆಗೆದವರು ನಾಲ್ಕರಲ್ಲಿ ನಿಲ್ಲುವುದುಂಟೆ? ನಾಲ್ಕು ಬಂದದ್ದು ಬೇರೆ ರೀತಿಯಲ್ಲಿ: ನಾಲ್ಕನೇ ದಿನ ಸೊಂಟ ಹಿಡಿಯಿತು. ಮಹಾನಾರಾಯಣ ತೈಲ ಹಚ್ಚಿಸಿಕೊಂಡು ಬೋರಲು ಮಲಗಿದ ಆ ಒಂದು ವಾರದಲ್ಲಿ ಫೋನಿನಲ್ಲಿ ಸಿಕ್ಕ ವಿಡಿಯೋಗಳನ್ನೆಲ್ಲ ನೋಡಿ, ಎದ್ದಾಗ ಪಂಡಿತರಾಗಿ ಎದ್ದರು.

"ಅದು ಭಾರ ಅಲ್ಲ ಇವರೇ, ತೂಬು! ಪಂಜರದೊಳಗೆ ಎಷ್ಟು ಗಾಳಿ ಬಿಡಬೇಕು ಅನ್ನೋದು ಮಾತ್ರ. ಪಂದ್ಯಕ್ಕೆ ಹೋಗೋರೇ ಮೂರು, ನಾಲ್ಕು, ಐದರಲ್ಲಿ ಇಟ್ಕೋತಾರೆ. ತೂಬು ಪೂರಾ ಎತ್ತಿದ ಮಾತ್ರಕ್ಕೆ ಬೆಳೆ ಬರತ್ತಾ?" ಮೂವತ್ತು ವರ್ಷ ನಾಲೆ ಕಂಡವರ ಮಾತು. ನಾನು ಎದುರಾಡಲಿಲ್ಲ.

ಎಳೆಯುವ ಕ್ರಮವನ್ನು ಅವರು ವಿವರಿಸಿದ್ದನ್ನು ಮಾತ್ರ ಯಾವ ತರಬೇತುದಾರನೂ ಮೀರಿಸಲಾರ. ಮೊದಲು ಕಾಲು ಒತ್ತಬೇಕು, ಆಮೇಲೆ ಸೊಂಟದಿಂದ ಹಿಂದಕ್ಕೆ ವಾಲಬೇಕು, ಕಟ್ಟಕಡೆಗೆ ಕೈ ಮಡಚಿ ಹಿಡಿಯನ್ನು ಪಕ್ಕೆಲುಬಿನ ಕೆಳಗೆ ತರಬೇಕು. ವಾಪಸು ಬರುವಾಗ ತಿರುಗಾಮುರುಗಾ: ಕೈ, ಸೊಂಟ, ಕಾಲು. "ನಮ್ಮ ಆಫೀಸಿನ ಫೈಲು ಇದ್ದಂಗೆ. ಕಾಲು ಅಂದ್ರೆ ಗುಮಾಸ್ತ, ಕೆಲಸವೆಲ್ಲ ಅವನದೇ. ಸೊಂಟ ಸೂಪರಿಂಟೆಂಡೆಂಟು, ಒಂಚೂರು ವಾಲಿ ಮುಂದಕ್ಕೆ ಕಳಿಸ್ತಾನೆ. ಕೈ ಸಾಹೇಬರು. ಕೊನೇಲಿ ಬಂದು ಸಹಿ ಹಾಕಿದ್ರೆ ಆಯ್ತು. ಹೋದ ದಾರೀಲೇ ಫೈಲು ವಾಪಸು ಬರಬೇಕು."

ಇಷ್ಟು ಚೆನ್ನಾಗಿ ಹೇಳಿ ಮಣೆಯ ಮೇಲೆ ಕೂತರೆ, ರಾಯರ ಸಾಹೇಬರು ಫೈಲು ಮೇಜಿನ ಮೇಲೆ ಬರುವ ಮೊದಲೇ ಸಹಿ ಹಾಕಿಬಿಡುತ್ತಿದ್ದರು! ಕೈ ಮೊದಲೇ ಎಳೆದು, ಕಾಲು ತಡವಾಗಿ ಎಚ್ಚೆತ್ತು, ವಾಪಸು ಬರುವಾಗ ಮಂಡಿ ಮೊದಲೇ ಮಡಚಿ, ಹಿಡಿ ಮಂಡಿಯನ್ನು ಬೇಲಿಯಂತೆ ಹಾರಿ ದಾಟಬೇಕಾಗುತ್ತಿತ್ತು. ಸೇವೆಯಲ್ಲಿದ್ದಾಗಲೂ ಹೀಗೆಯೇ ಇದ್ದಿರಬಹುದೇ ಎಂಬ ಸಂಶಯ ನನ್ನದು. ಕೇಳಲಿಲ್ಲ.

ಮಷೀನಿನ ಪುಟ್ಟ ಪರದೆಗೆ ದಾಕ್ಷಿಣ್ಯವಿಲ್ಲ. ಐನೂರು ಮೀಟರಿಗೆ ಎಷ್ಟು ಹೊತ್ತು ಎಂದು ತೋರಿಸುತ್ತಲೇ ಇರುತ್ತದೆ. ರಾಯರದು ಮೂರು ನಿಮಿಷ, ಅಂದರೆ 2000 ಮೀಟರಿಗೆ 12 ನಿಮಿಷ. ಗುಂಡಿ ಒತ್ತಿದರೆ ಅದನ್ನೇ ವಾಟ್‌ನಲ್ಲಿ ಹೇಳುತ್ತದೆ: 60. ನಮ್ಮಜ್ಜಿಯ ಅಡುಗೆಮನೆಯಲ್ಲಿದ್ದ ಬಲ್ಬು. "ವೇಗ ದುಪ್ಪಟ್ಟು ಮಾಡಬೇಕು ಅಂದ್ರೆ ಶಕ್ತಿ ಎಂಟು ಪಟ್ಟು ಬೇಕು ಇವರೇ, ಘನದ ಲೆಕ್ಕ" ಎಂದು ರಾಯರು ಮುಖ ಒರೆಸಿಕೊಂಡರು. ಲೆಕ್ಕ ಸರಿಯಾಗಿತ್ತು, ಬಲ್ಬು ಬಲ್ಬಾಗಿಯೇ ಉಳಿಯಿತು.

ಟ್ಯಾಂಕರ್ ನೀರಿಗೆ ಕಾಯುವ ಅಪಾರ್ಟ್‌ಮೆಂಟಿನಲ್ಲಿ ದೋಣಿ ನಡೆಸುವವರನ್ನು ಲಿಫ್ಟಿನಲ್ಲಿ ಯಾರಾದರೂ ಕೆಣಕಿದರೆ, ಅವರ ಬಳಿ ದತ್ತು ಭೋಕನಾಳ್ ಸಿದ್ಧರಿರುತ್ತಿದ್ದರು. ನಾಸಿಕ್ ಜಿಲ್ಲೆಯ ಬರದ ಹಳ್ಳಿಯವರು, ಸೈನ್ಯ ಸೇರಿದ ಮೇಲೆ ಹುಟ್ಟು ಹಿಡಿದವರು, ಮೊದಮೊದಲು ನೀರು ಕಂಡರೇ ಹೆದರುತ್ತಿದ್ದವರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 13ನೆಯವರಾದರು. ಈ ಕಥೆ ಮುಗಿಯುವವರೆಗೆ ರಾಯರು ಲಿಫ್ಟಿನ ಬಾಗಿಲಿಗೆ ಕಾಲು ಕೊಟ್ಟು ನಿಂತಿರುತ್ತಿದ್ದರು. ಅಲ್ಲಿ ಮಾತ್ರ ಕಾಲು ಮೊದಲು.

ಕೊನೆಗೆ ಕೆಲಸ ಕೆಡಿಸಿದ್ದು, ಅಥವಾ ಸರಿಮಾಡಿದ್ದು, ಒಳಕೋಣೆಯ ಸಂಗೀತಪಾಠ. ರಾಯರ ಹೆಂಡತಿ ಸಂಜೆ ನಾಲ್ಕು ಹುಡುಗಿಯರಿಗೆ ಸರಳೆ ವರಸೆ ಹೇಳಿಕೊಡುತ್ತಾರೆ. ಹೊರಗೆ ಫ್ಯಾನು ಬುಸ್ ಬುಸ್ಸೆಂದಂತೆಲ್ಲ ಹುಡುಗಿಯರ ತಾಳ ಓಡುತ್ತಿತ್ತು. ಒಂದು ದಿನ ಆಕೆ ಬಾಗಿಲಿಗೆ ಬಂದು ನಿಂತರು.

"ರೀ, ಎಳೆಯೋದಕ್ಕೆ ಒಂದು ಅಕ್ಷರ ಇಟ್ಕೊಳ್ಳಿ, ಮುಂದೆ ಬರೋದಕ್ಕೆ ಎರಡು. ತ... ಕಿಟ. ತ... ಕಿಟ. ನೀವು ತಕ ತಕ ಅಂತ ಓಡ್ತಿದೀರಿ. ಬಸ್ಸು ತಪ್ಪತ್ತಾ?"

ಅಷ್ಟೇ. ಒಳಗೆ ಹೋದರು. ರಾಯರು ಮುಖ ಊದಿಸಿಕೊಂಡೇ "ತ" ಎಂದು ಒತ್ತಿದರು, "ಕಿಟ" ಎಂದು ನಿಧಾನವಾಗಿ ಜಾರಿ ಬಂದರು. ಮುಂದೆ ಬರಲು ಬೇಕಾದಷ್ಟು ಹೊತ್ತು ಸಿಕ್ಕಿದ್ದೇ ಕೈ ತಾನಾಗಿ ಮೊದಲು ಚಾಚಿತು, ಹಿಂದೆಯೇ ಸೊಂಟ, ಕಡೆಗೆ ಮಂಡಿ. ನಿಮಿಷಕ್ಕೆ ಮೂವತ್ತೆರಡು ಸಲ ಎಳೆಯುತ್ತಿದ್ದವರು ಇಪ್ಪತ್ತೆರಡಕ್ಕೆ ಇಳಿದರು. ತಿಂಗಳಾಗುವಷ್ಟರಲ್ಲಿ 2000 ಮೀಟರು 11 ನಿಮಿಷ 20 ಸೆಕೆಂಡಿಗೆ ಬಂತು. ಕಡಿಮೆ ಸಲ ಎಳೆದು ಹೆಚ್ಚು ದೂರ. ಬಲ್ಬಿನ ಮೇಲೆ 11 ವಾಟ್ ಲಾಭ.

ಮರುವಾರ ನನಗೆ ಮತ್ತೆ ಕಾಫಿಗೆ ಕರೆ ಬಂತು. "ರೋಯಿಂಗಿಗೂ ಮೂರಕ್ಷರದ ತಿಶ್ರ ನಡೆಗೂ ಸಂಬಂಧ ಇದೆ ಇವರೇ. ಬಹಳ ಯೋಚನೆ ಮಾಡಿ ಕಂಡುಹಿಡಿದೆ." ಕಾಫಿ ತಂದ ಆಕೆ ನನ್ನ ಮುಖವನ್ನೂ ನೋಡಲಿಲ್ಲ, ಅವರ ಮುಖವನ್ನೂ ನೋಡಲಿಲ್ಲ. ಸಕ್ಕರೆ ಸಾಕೇ ಎಂದು ಕೇಳಿದರು.

ರಾಮನವಮಿಗೆ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಕಚೇರಿ ಇತ್ತು. ರಾಯರು ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ, ನಾನು ಸರಿಯಾಗಿ ಅವರ ಹಿಂದೆ. ಮೃದಂಗದವರು ತನಿಯಲ್ಲಿ ತಿಶ್ರಕ್ಕೆ ಇಳಿದದ್ದೇ ತಡ, ರಾಯರ ಹಿಮ್ಮಡಿ ನೆಲವನ್ನು ಒತ್ತಿತು, ಸೊಂಟ ವಾಲಿತು, ಇಲ್ಲದ ಹಿಡಿಯೊಂದು ಎದೆಗೆ ಬಂತು, ಕುರ್ಚಿ ಹಿಂದೆ ಸರಿದು ನನ್ನ ಮಂಡಿಗೆ ಬಡಿಯಿತು. ಎರಡು ಅಕ್ಷರ ಕಾದೆ. ಮತ್ತೆ ಬಡಿಯಿತು, ತಾಳ ಒಂದಿಷ್ಟೂ ತಪ್ಪದೆ.