ಕೆ ಅಂದರೆ ಮಂಡಿನೋವು

ನಮ್ಮನೆ ಕಂಪ್ಯೂಟರಿನ ಬ್ರೌಸರಿನಲ್ಲಿ ವಿಳಾಸ ಹೊಡೆಯೋ ಜಾಗದಲ್ಲಿ ಇಂಗ್ಲಿಷಿನ ‘ಕೆ’ ಒತ್ತಿದರೆ ಕನ್ನಡ ವಿಕಿಪೀಡಿಯ ಬರಬೇಕು ರಾಯರೇ, ಅದರ ವಿಳಾಸ ಶುರುವಾಗೋದೇ ‘ಕೆಎನ್’ನಿಂದ. ಮೊನ್ನೆ ಅಳಿಯನ ಎದುರಿಗೆ ಒತ್ತಿದೆ, ಬಂದದ್ದು ಮಂಡಿನೋವು! ಉಚ್ಚಾರಕ್ಕೇ ಬಾರದ ಆ ಕೆಯನ್ನು ಮಂಡಿಯ ಮುಂದೆ ಕೂರಿಸಿದ ಇಂಗ್ಲಿಷಿನವರಿಗೆ ಏನನ್ನಲಿ? ಎರಡು ತಿಂಗಳಿಂದ ಮುಚ್ಚಿಟ್ಟ ನೋವು ಬಯಲಾಯಿತು. “ಡಾಕ್ಟರಿಗೆ ತೋರಿಸಿದ್ರಾ ಮಾವ?” ಅಂದ.

ಬ್ರೌಸರಿನದ್ದು ಹೋಟೆಲ್ ಮಾಣಿಯ ಬುದ್ಧಿ. ಕೂರೋದಕ್ಕೂ ಮುಂಚೆ “ಬೈಟು ಕಾಫಿ ಅಲ್ವಾ ಸಾರ್?” ಅಂತಾನಲ್ಲ, ಹಾಗೆ. ಎಷ್ಟು ಸಲ ಹೋಗಿದ್ದೀರಿ, ಕೊನೇ ಸಲ ಹೋಗಿದ್ದು ಯಾವಾಗ, ಎರಡನ್ನೂ ಕೂಡಿಸಿ ಅಂಕ ಹಾಕುತ್ತೆ. ಫೈರ್‌ಫಾಕ್ಸಿನವರು ಫ್ರೀಕ್ವೆನ್ಸಿಯನ್ನೂ ರೀಸೆನ್ಸಿಯನ್ನೂ ಜಜ್ಜಿ ‘ಫ್ರೀಸೆನ್ಸಿ’ ಅಂತ ಹೆಸರಿಟ್ಟರು. 2008ರ ಜೂನಿನಲ್ಲಿ ಬಂದ ಫೈರ್‌ಫಾಕ್ಸ್ 3ರಲ್ಲಿ ಪುಟದ ಶೀರ್ಷಿಕೆಯೊಳಗಿನ ಪದ ಹೊಡೆದರೂ ವಿಳಾಸ ಸಿಗೋದು. ಅದನ್ನು ‘ಆಸಮ್ ಬಾರ್’ ಅಂತ ಕರೆದುಕೊಂಡರು. ಹಳೇದೇ ಚೆನ್ನಾಗಿತ್ತು ಅಂತ ಗೊಣಗಿದವರೂ ಇದ್ದರು, ನಮ್ಮಂಥವರು.

ಆದರೆ ಮಾಣಿಗೆ ಸರಿ-ತಪ್ಪು ತಿಳಿಯಲ್ಲ. ಕರೆಂಟ್ ಬಿಲ್ ಕಟ್ಟೋವಾಗ ವಿಳಾಸದಲ್ಲಿ ಒಂದಕ್ಷರ ತಪ್ಪಿ ಹೊಡೆದೆ, ಬರೀ ಜಾಹೀರಾತಿನ ಯಾವುದೋ ಪುಟಕ್ಕೆ ಹೋಗಿಬಿಟ್ಟೆ. ಮುಂದಿನ ತಿಂಗಳು ಎರಡಕ್ಷರ ಹೊಡೆಯೋದರಲ್ಲಿ ಅದೇ ಮೇಲೆ ಬಂತು. ನೋಡದೆ ಎಂಟರ್ ಒತ್ತಿದೆ. ಅದಕ್ಕೆ ಇನ್ನಷ್ಟು ಅಂಕ! ಮೂರನೇ ತಿಂಗಳಿಗೆ ತಪ್ಪೇ ಯಜಮಾನ. ಸದ್ಯ, ಅಲ್ಲಿ ಪಾಸ್‌ವರ್ಡ್ ಕೇಳೋ ಜಾಗ ಇರಲಿಲ್ಲ.

ಹಿಸ್ಟರಿ ಪೂರ್ತಿ ಅಳಿಸಿಬಿಡಿ ಅಂದ ಮೊಮ್ಮಗ. ಇಲಿಗೆ ಹೆದರಿ ಮನೆ ಸುಡೋ ಸಲಹೆ. ಅದು ಬೇಕಿಲ್ಲ. ಕೆಳಬಾಣದ ಕೀಲಿಯಿಂದ ಆ ಸಾಲಿಗೆ ಇಳಿದು ಶಿಫ್ಟ್ ಹಿಡಿದು ಡಿಲೀಟ್ ಒತ್ತಿ, ಅದೊಂದೇ ಹೋಗುತ್ತೆ. ಫೈರ್‌ಫಾಕ್ಸಿನಲ್ಲೂ ಆಗುತ್ತೆ, ಕ್ರೋಮಿನಲ್ಲೂ ಆಗುತ್ತೆ. ಬಿಲ್ಲಿನ ತಪ್ಪು ವಿಳಾಸ ತೆಗೆದೆ. ಕೈ ಹಾಕಿದ ಮೇಲೆ ಮಂಡಿನೋವನ್ನೂ ತೆಗೆದೆ.

ಸಂಜೆ ಅಳಿಯನನ್ನ ಬಸ್ಸು ಹತ್ತಿಸಿ, ಮಹಡಿ ಮೆಟ್ಟಿಲು ಹತ್ತಿ ಬಂದು ಕೆ ಒತ್ತಿದರೆ ವಿಕಿಪೀಡಿಯ ಠಾಕುಠೀಕಾಗಿ ಬಂತು. ಮಂಡಿನೋವಿನ ಪುಟಕ್ಕೆ ಪೂರ್ತಿ ಸ್ಪೆಲಿಂಗ್ ಹೊಡೆಯಬೇಕಾಯಿತು.